ಗೊರಕೆ ಯಾರದು?

ರಾತ್ರಿ ಎರಡು ಗಂಟೆಗೆ ಪಕ್ಕೆಗೆ ಮೊಣಕೈ ತಿವಿಯಿತು. "ರೀ, ಗೊರಕೆ ನಿಲ್ಲಿಸಿ." ನಾನು ಎಚ್ಚರವಾಗಿಯೇ ಇದ್ದೆ. ಎಚ್ಚರ ಇರುವವನು ಗೊರಕೆ ಹೇಗೆ ಹೊಡೀತಾನೆ ಅಂತ ವಾದಕ್ಕೆ ಕೂತೆ, ಅಷ್ಟರಲ್ಲಿ ಗೊರಕೆ ಮತ್ತೆ ಬಂತು. ಈ ಸಲ ಸ್ಪಷ್ಟವಾಗಿ ಕಿಟಕಿಯ ಆಚೆಯಿಂದ.

ಹಿತ್ತಲಿನ ಮರಕ್ಕೆ ನಾನೊಂದು ಪೆಟ್ಟಿಗೆ ಕಟ್ಟಿದ್ದೆ. ಕಣಜ ಗೂಬೆ ತಾನಾಗಿ ಗೂಡು ಕಟ್ಟುವುದಿಲ್ಲ, ಪೊಟರೆಯೋ ಪೆಟ್ಟಿಗೆಯೋ ಸಿಕ್ಕರೆ ಸಾಕು, ಬಂದು ಕೂರುತ್ತದೆ. ಎರಡು ವರ್ಷ ಗೂಬೆ ಬರಲಿಲ್ಲ ಅನ್ನಿ. ಮೊದಲು ಬಂದದ್ದು ಅಳಿಲು. ಒಣಹಾಕಿದ್ದ ನನ್ನ ಬನಿಯನ್ನಿನ ಅರ್ಧ ಕಿತ್ತುಕೊಂಡು ಹೋಗಿ ಒಳಗೆ ಹಾಸಿಕೊಂಡು, ಹಾಯಾಗಿ ಬಾಣಂತನ ಮುಗಿಸಿ ಹೋಯಿತು. ಉಳಿದರ್ಧ ನನಗೆ ಬಿಟ್ಟಿತ್ತು, ಪಾಪ.

ಈಗ ಗೂಬೆ ಬಂದಿದೆ, ನಾಲ್ಕು ಮರಿ. ಹಸಿದ ಮರಿಗಳು ಕೂಗುವುದು ಥೇಟ್ ಗೊರಕೆಯ ಹಾಗೆಯೇ. ತಾಯಿ ಎರಡು ಮೂರು ದಿನಕ್ಕೊಂದು ಮೊಟ್ಟೆ ಇಡುತ್ತದೆ, ಮೊದಲನೆಯದು ಬಿದ್ದಾಗಲೇ ಕಾವಿಗೆ ಕೂರುತ್ತದೆ, ಹಾಗಾಗಿ ಮರಿಗಳೂ ಒಂದರ ಹಿಂದೆ ಒಂದು ಹೊರಬರುತ್ತವೆ. ದೊಡ್ಡಣ್ಣನದು ಭಾರೀ ಗೊರಕೆ, ಕೊನೆಯದರದು ಸುಮ್ನೆ ಒಂದು ಸುಯ್.

ನಾನು ನಿರಪರಾಧಿ ಅನ್ನುವುದಕ್ಕೆ ಸಾಕ್ಷಿ ಬೇಕಲ್ವಾ? ಮರುದಿನ ರಾತ್ರಿ ಮೊಬೈಲ್ ಹಿಡಿದು ಮರದ ಕೆಳಗೆ ಕುರ್ಚಿ ಹಾಕಿದೆ. ಕುರ್ಚಿಯ ಕಾಲು ಇಟ್ಟದ್ದು ಇರುವೆ ಗೂಡಿನ ಮೇಲೆ ಅಂತ ಗೊತ್ತಾಗುವಷ್ಟರಲ್ಲಿ ಇರುವೆಗಳು ಮೊಣಕಾಲು ದಾಟಿದ್ದವು. ಕೆರೆದುಕೊಳ್ಳಲು ಬಗ್ಗಿದೆ. ಗೂಬೆಯ ರೆಕ್ಕೆಗರಿಯ ಅಂಚು ಬಾಚಣಿಗೆಯ ಹಲ್ಲಿನ ಹಾಗಿರುತ್ತದೆ, ಹಾರಿದರೆ ಸದ್ದೇ ಇಲ್ಲ ಅಂತ ಓದಿದ್ದೆ. ಓದಿದ್ದೇ ಬೇರೆ, ಬಿಳೀ ಮುಖವೊಂದು ತಲೆಗೂದಲಿಗೆ ತಾಗುವಷ್ಟು ಹತ್ತಿರ ಹಾದುಹೋಗುವುದೇ ಬೇರೆ. ವಿಡಿಯೋದಲ್ಲಿ ಮೂರು ನಿಮಿಷ ಕತ್ತಲು, ಆಮೇಲೆ "ಅಯ್ಯಯ್ಯೋ", ಆಮೇಲೆ ಪಕ್ಕದ ಮನೆಯ ಲೈಟು. ಗೊರಕೆ ಮಾತ್ರ ಇಲ್ಲ. ನನ್ನ ಕೂಗಿಗೆ ಮರಿಗಳೂ ಬಾಯಿ ಮುಚ್ಚಿದ್ದವು.

ಬೆಳಿಗ್ಗೆ ಮರದ ಬುಡದಲ್ಲಿ ಕಪ್ಪಗೆ ಹೊಳೆಯುವ ಒಂದು ಉಂಡೆ ಬಿದ್ದಿತ್ತು. ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಮೂಳೆ, ಕೂದಲನ್ನು ಗೂಬೆ ಹೀಗೆ ಉಂಡೆ ಮಾಡಿ ಕಕ್ಕುತ್ತದೆ. ಸಾಕ್ಷಿ ಅಂದರೆ ಇದು! ಬಿಡಿಸಿ ನೋಡೋಣ ಅಂತ ಬಿಸಿನೀರಲ್ಲಿ ನೆನೆಸಿದೆ. ನೆನೆಸಿದ್ದು ತಪ್ಪಲ್ಲ, ಅಡುಗೆಮನೆಯ ಬಟ್ಟಲಲ್ಲಿ ನೆನೆಸಿ ಸ್ನಾನಕ್ಕೆ ಹೋದದ್ದು ತಪ್ಪು. ನಿದ್ದೆಗಣ್ಣಲ್ಲಿ ಬಂದ ಇವಳನ್ನು ಮೂರು ಪುಟ್ಟ ತಲೆಬುರುಡೆಗಳು ಬಟ್ಟಲೊಳಗಿಂದ ನೋಡುತ್ತಿದ್ದವು. ಆ ದಿನದ ಮಿಕ್ಕ ವಿವರ ಬೇಡ. ಆ ಬಟ್ಟಲು ಈಗ ಹಿತ್ತಲಲ್ಲಿದೆ, ಹಕ್ಕಿಗಳು ನೀರು ಕುಡಿಯುತ್ತವೆ.

ಮರಿಗಳು ಹಾರಿಹೋಗಿ ಹದಿನೈದು ದಿನವಾಯಿತು. ಪೆಟ್ಟಿಗೆ ಖಾಲಿ. ನಿನ್ನೆ ರಾತ್ರಿ ಮತ್ತೆ ಮೊಣಕೈ ತಿವಿಯಿತು.

"ಗೂಬೆ ಕಣೇ," ಅಂದೆ, ಕಣ್ಣು ತೆರೆಯದೆ.

"ಗೊತ್ತು," ಅಂದಳು. "ಆ ಕಡೆ ತಿರುಗಿ ಮಲಗಿ."