ಕುರ್ಚಿ ಇದೆ, ಕೂಡುವ ಹಾಗಿಲ್ಲ

ಸೇಡಂ ರಸ್ತೆಯಲ್ಲಿ ಮೊನ್ನೆ ರಿಬ್ಬನ್ ಕತ್ತರಿಸಿಕೊಂಡ ಆಫೀಸಿನ ಸುದ್ದಿ ನೀವೂ ಓದಿರುತ್ತೀರಿ. ಅರ್ಧ ಪುಟ ಫೋಟೊ ಹಾಕಿದ್ದರಿಂದ ಓದದೆ ಬೇರೆ ದಾರಿಯೂ ಇರಲಿಲ್ಲ. ತೆರಿಗೆ ಸಲಹೆ ಕೊಡುವ ಸಂಸ್ಥೆ. ಒಳಾಂಗಣ ಪೂರ್ತಿ ‘ಮಾನವ ಕೇಂದ್ರಿತ’ವಂತೆ. ಹಾಗಾದರೆ ಇಷ್ಟು ವರ್ಷ ಕಲಬುರಗಿಯ ಆಫೀಸುಗಳ ಕೇಂದ್ರದಲ್ಲಿ ಏನಿತ್ತು ಅಂತೀರಾ? ಫೈಲು ತುಂಬಿದ ಕಬ್ಬಿಣದ ಅಲ್ಮಾರಿ. ಅದರ ಸುತ್ತ ಉಳಿದ ಜಾಗದಲ್ಲಿ ನಾವು.

ಹೋಗಿ ನೋಡಿದೆ. ಮೊದಲು ಮನಸೋತದ್ದು ಗಾಜಿಗೆ. ಪಶ್ಚಿಮದ ಗೋಡೆ ನೆಲದಿಂದ ಸೂರಿನತನಕ ಬರೀ ಗಾಜು. ಬೆಳಕು ಬರಲಿ ಅಂತ! ಕಲಬುರಗಿಯಲ್ಲಿ ಬೆಳಕಿಗೆ ಬರ ಬಿದ್ದಿದೆ ಎಂದು ಡಿಸೈನರ್ ಸಾಹೇಬರ ಕಿವಿಯಲ್ಲಿ ಯಾರು ಊದಿದರೋ. ಏಪ್ರಿಲ್, ಮೇ ಬಂತೆಂದರೆ ಸರ್ಕಾರವೇ ಸೋತು ಈ ಭಾಗದ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆ ಮಾಡುವ ಊರಿದು. ಗಾಜಿನಿಂದ ಒಳಬಂದ ಕಾವು ಸುಲಭಕ್ಕೆ ಹೊರಗೆ ಹೋಗುವುದಿಲ್ಲ. ಅದಕ್ಕೆ ಪರದೆ ಎಳೆದರು. ಒಳಗೆ ಕತ್ತಲಾಯಿತು. ಕತ್ತಲಿಗೆ ಸಾಲು ಸಾಲು ಎಲ್‌ಇಡಿ ದೀಪ, ಕಾವಿಗೆ ಎಸಿ, ಕರೆಂಟ್ ಹೋದರೆ ಹಿತ್ತಿಲಲ್ಲಿ ಜನರೇಟರ್. ಹೊರಗೆ ಸೂರ್ಯ ಪುಕ್ಕಟೆ ಉರಿಯುತ್ತಿದ್ದಾನೆ, ಒಳಗೆ ಮಟಮಟ ಮಧ್ಯಾಹ್ನ ದೀಪ ಹಚ್ಚಿಕೊಂಡು ಕೂತಿದ್ದಾರೆ.

ನೆಲಕ್ಕೆ ಮೋರ್ಬಿಯಿಂದ ತರಿಸಿದ ಹೊಳೆಯುವ ಟೈಲ್ಸು. ಪಕ್ಕದ ಶಹಾಬಾದಿನ ಫರ್ಸಿ ಕಲ್ಲು ಬೇಡವಾಯಿತು. ಬರಿಗಾಲಿಗೆ ತಂಪು, ಒದ್ದೆಯಾದರೂ ಅಷ್ಟು ಸುಲಭಕ್ಕೆ ಜಾರಿಸುವುದಿಲ್ಲ, ಆದರೆ ಅದರಲ್ಲಿ ಸಾಹೇಬರ ಮುಖ ಕಾಣುವುದಿಲ್ಲವಲ್ಲ.

ಹಾಗೆ ನೋಡಿದರೆ ಈ ಡಿಸೈನರ್ ಒಮ್ಮೆ ಕೋಟೆಯ ಜಾಮಿಯಾ ಮಸೀದಿಗೆ ಹೋಗಿಬರಬೇಕಿತ್ತು. 1367ರದ್ದು. ಮಸೀದಿಗಳಿಗೆ ಸಾಮಾನ್ಯವಾಗಿ ಇರುವ ಬಯಲು ಅಂಗಳವೇ ಅಲ್ಲಿಲ್ಲ. ಇಡೀ ಕಟ್ಟಡದ ನೆತ್ತಿಗೆ ಗುಮ್ಮಟಗಳು, ಗಾಳಿ ಬೆಳಕಿಗೆ ಬದಿಯ ಕಮಾನುಗಳು. ಹಾಗೇಕೆ ಕಟ್ಟಿದರು ಎಂದು ಪಂಡಿತರು ವಾದಿಸಲಿ. ಬೇಸಿಗೆಯ ಮಧ್ಯಾಹ್ನ ಒಳಗೆ ಹೋಗಿ ನಿಂತವನಿಗೆ ಅದನ್ನು ಕೇಳುವ ಮನಸ್ಸೇ ಬರುವುದಿಲ್ಲ.

ಇನ್ನು ಹಾಲ್. ಚೇಂಬರುಗಳನ್ನೆಲ್ಲ ಕಿತ್ತು ಒಂದೇ ಹಾಲ್ ಮಾಡಿದ್ದಾರೆ. ಗೋಡೆ ಹೋದರೆ ಮನಸ್ಸು ಬೆರೆಯುತ್ತವಂತೆ. ಹಾರ್ವರ್ಡ್‌ನ ಇಬ್ಬರು ಎರಡು ಕಂಪನಿಗಳಲ್ಲಿ ಅಳೆದು 2018ರಲ್ಲಿ ಪ್ರಕಟಿಸಿದ್ದು ಬೇರೆಯೇ ಲೆಕ್ಕ: ಗೋಡೆ ತೆಗೆದ ಮೇಲೆ ಮುಖ ನೋಡಿ ಮಾತಾಡುವುದು ಸುಮಾರು ಶೇ 70ರಷ್ಟು ಇಳಿದಿತ್ತು, ಮೇಲ್ ಕಳಿಸುವುದು ಏರಿತ್ತು. ಕಲಬುರಗಿಗೆ ಆ ಭಯವಿಲ್ಲ ಬಿಡಿ. ಇಲ್ಲಿ ತೊಗರಿ ವ್ಯಾಪಾರಿಯೊಬ್ಬ ದನಿ ತಗ್ಗಿಸಿ ‘ಸಾಹೇಬ್ರ, ಇನ್ನೊಂದು ಲೆಕ್ಕದ ಪುಸ್ತಕ ಅದ’ ಅಂದದ್ದೇ ತಡ, ಪಕ್ಕದ ಮೇಜಿನವರು ಪೆನ್ನು ಕೆಳಗಿಟ್ಟರು. ಸೋಫಾದಲ್ಲಿದ್ದ ಇನ್ನೊಬ್ಬ ವ್ಯಾಪಾರಿ ಬರುತ್ತಿದ್ದ ಫೋನನ್ನೂ ಕಟ್ ಮಾಡಿದ.

ಗಂಜಿನ, ಅಂದರೆ ದವಸದ ಪೇಟೆಯ, ಹಳೇ ಅಡತಿ ಅಂಗಡಿಗಳಲ್ಲಿ ಗಾದಿ, ತಕ್ಯಾ ಇರುತ್ತಿದ್ದವು. ಚೀಲ ಇಳಿಸಿದ ರೈತ ಗಾದಿಯ ಅಂಚಿಗೆ ಕೂಡುತ್ತಿದ್ದ, ಮಾತಿಗಿಂತ ಮುಂಚೆ ನೀರಿನ ಚೆಂಬು ಬರುತ್ತಿತ್ತು. ತೂಕದಲ್ಲಿ ಹೊಡೆಯುತ್ತಿದ್ದರು, ಇಲ್ಲ ಅನ್ನಲಾರೆ. ಆದರೆ ಕೂಡಿಸಿ ಹೊಡೆಯುತ್ತಿದ್ದರು.

ಇಲ್ಲಿ ಸ್ವಾಗತ ಗೋಡೆಯ ಮೇಲೆ ಹಿತ್ತಾಳೆ ಅಕ್ಷರದಲ್ಲಿ ಒಂದು ವಚನ ಕೂಡಿಸಿದ್ದಾರೆ. ಬಂದವರನ್ನು ಹೇಗೆ ಮಾತಾಡಿಸಬೇಕು ಎಂಬುದು. ನಿಮಗೆಲ್ಲ ಬಾಯಿಪಾಠ ಇರುವುದೇ. ಅದರ ಕೆಳಗೆ ಆಳಂದ ಕಡೆಯ ಮುದುಕರೊಬ್ಬರು ನಿಂತಿದ್ದರು. ಠೇವಣಿ ಬಡ್ಡಿಯಲ್ಲಿ ಬ್ಯಾಂಕಿನವರು ಮುರಿದುಕೊಂಡ ತೆರಿಗೆ ವಾಪಸ್ ಬರುತ್ತದೇನೋ ಕೇಳಲು ಬಂದವರು. ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರಲ್ಲಿ ಪಾಸ್‌ಬುಕ್. ಧೋತರದ ಹಿಂಭಾಗ ಎರಡು ಸಲ ಕೊಡವಿ, ಕೆನೆಬಣ್ಣದ ಸೋಫಾದ ತುದಿಗೆ ಇನ್ನೇನು ಕೂಡಬೇಕು,

‘ಮುತ್ಯಾ, ಅಲ್ಲಿ ಕುಂದರಬ್ಯಾಡ. ಅದು ಕ್ಲೈಂಟ್ ಮಂದಿಗೆ.’

‘ಮತ್ತ ನಾ ಯಾರಪಾ?’

ಗದರಿದ ವಾಚ್‌ಮನ್ ಮೇಲೆ ನನಗೇನೂ ಸಿಟ್ಟಿಲ್ಲ. ಬೆಳಿಗ್ಗೆಯಿಂದ ಅವನೂ ನಿಂತೇ ಇದ್ದಾನೆ. ಬಾಗಿಲ ಬಳಿಯ ಅವನ ಪ್ಲಾಸ್ಟಿಕ್ ಕುರ್ಚಿ ಫೋಟೊದಲ್ಲಿ ಚೆನ್ನಾಗಿ ಕಾಣಲಿಲ್ಲವಂತೆ, ತೆಗೆಸಿದ್ದಾರೆ. ಅಂಗಡಿಯಲ್ಲಿ ದುಡಿಯುವವರಿಗೆ ಕೂಡಲು ಆಸನ ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಕುರ್ಚಿಗೂ ಕಾನೂನು ಬೇಕಾದ ದೇಶ.

ಮುದುಕರ ಜೊತೆ ಮಗಳು ಬಂದಿದ್ದಳು. ಸಂಡಾಸ ಎಲ್ಲದ ಎಂದು ಕೇಳಿದಳು. ಇದೆ, ಆದರೆ ಸ್ಟಾಫಿಗೆ, ಕೀಲಿ ಒಳಗಿದೆ. ‘ಎದುರಿನ ಪೆಟ್ರೋಲ್ ಪಂಪಿಗೆ ಹೋಗಿ ಬರ್ರಿ ಅಕ್ಕಾ’ ಅಂದರು. ಆ ಬಿಸಿಲಲ್ಲಿ, ಆ ರಸ್ತೆ ದಾಟಿ. ಇದಕ್ಕೊಂದು ತಮಾಷೆ ಹೊಂದಿಸೋಣವೆಂದು ನೋಡಿದೆ, ಆಗಲಿಲ್ಲ. ಕಾಫಿ ಯಂತ್ರಕ್ಕೆ, ಪ್ಲಾಸ್ಟಿಕ್ ಬಳ್ಳಿಯ ಗೋಡೆಗೆ, ಯಾರೂ ಹತ್ತದ ಜೋಕಾಲಿಗೆ ದುಡ್ಡಿತ್ತು. ಬಂದ ಹೆಣ್ಣುಮಕ್ಕಳಿಗೆ ಒಂದು ಬಾಗಿಲು ತೆರೆಯಲು ಖರ್ಚೇನು ಬರುತ್ತಿತ್ತು? ಕೀಲಿ ತಿರುಗಿಸುವುದಷ್ಟೇ. ನಾಚಿಕೆಯಾಗಬೇಕು.

ಆದರೂ ಫೋಟೊ ಎಲ್ಲ ಕಡೆ ಓಡಾಡುತ್ತಿದೆ. ರಿಂಗ್ ರೋಡಿನ ಇನ್ನೊಂದು ಸಂಸ್ಥೆಯವರು ಅದೇ ಡಿಸೈನರ್ ನಂಬರ್ ಇಸಿದುಕೊಂಡಿದ್ದಾರಂತೆ. ಅವರದ್ದು ಮೂರು ಕಡೆಯೂ ಗಾಜು.