ಮೂರು ತೋಟೆ, ಒಂದು ಬುಟ್ಟಿ ನಿಂಬೆಹಣ್ಣು

ಆಯುಧಕ್ಕೆ ಪೂಜೆ ಮಾಡಿ, ಕೋವಿಯಿಂದ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತು ಅಂದ್ರೆ ನಮ್ಮ ಕೊಡಗಿನಲ್ಲಿ ಎಲ್ಲರಿಗೂ ಒಟ್ಟಿಗೇ ಕೋವಿಯ ತೋಟೆ ನೆನಪಾಗುತ್ತದೆ. ಹೋದ ವಾರ ನಾನೂ ಅಂಗಡಿಗೆ ಹೋಗಿದ್ದೆ. "ಸ್ಟಾಕ್ ಬಂದಿಲ್ಲ, ಮುಂದಿನ ವಾರ ನೋಡಿ" ಅಂದರು. ಹೋದ ವರ್ಷವೂ ಇದೇ ಮಾತು. ಸಿಕ್ಕಿದರೂ ರೇಟ್ ಕೇಳಿ ಪ್ರಾಕ್ಟೀಸ್ ಆಸೆ ಅಲ್ಲೇ ಸತ್ತುಹೋಗುತ್ತದೆ. ಮೊದಲೆಲ್ಲ ಬೈದುಕೊಂಡು ಬರುತ್ತಿದ್ದೆ. ಈಗ ಬೈಯುವುದಿಲ್ಲ. ತೋಟೆ ಸಿಗದ ವರ್ಷಗಳಲ್ಲೇ ನನ್ನ ಗುರಿ ಸುಧಾರಿಸಿದ್ದು.

ಪಾಠ ಕಲಿಸಿದ್ದು ದೊಡ್ಡಪ್ಪ. ಅವರ ಎಡ ಜೇಬಿನಲ್ಲಿ ಮೂರು ತೋಟೆ, ಬಲ ಜೇಬಿನಲ್ಲಿ ಹಳೇ ಹಾರಿಸಿದ ಖಾಲಿ ತೋಟೆ. ಒಂಟಿ ನಳಿಗೆ ಕೋವಿಗೆ ಅವರೇ ತುಂಬಿ ಕೈಗೆ ಕೊಡುತ್ತಿದ್ದರು. ಯಾವುದು ಹಾಕಿದ್ದಾರೆ ಅಂತ ನನಗೆ ಗೊತ್ತಿಲ್ಲ. ಉಸಿರು ಹಿಡಿದೆ, ಟ್ರಿಗರ್ ಒತ್ತಿದೆ. ಟಕ್ ಅಂತು ಅಷ್ಟೇ. ಸದ್ದಿಲ್ಲ, ಒದೆತ ಇಲ್ಲ. ಆದರೂ ನಳಿಗೆಯ ತುದಿ ನಾಲ್ಕು ಬೆರಳು ಕೆಳಗೆ ಕುಸಿದಿತ್ತು! "ನೋಡಿದ್ಯಾ? ಕೋವಿ ಒದೆಯೋ ಮೊದಲೇ ನೀನು ಹೆದರ್ತೀಯ" ಅಂದರು. ಐವತ್ತು ತೋಟೆ ಸುಟ್ಟಿದ್ದರೂ ನನಗೆ ಇದು ಗೊತ್ತಾಗುತ್ತಿರಲಿಲ್ಲ. ಸದ್ದಿನಲ್ಲಿ ತಪ್ಪು ಮುಚ್ಚಿಹೋಗುತ್ತದೆ.

ಆಮೇಲೆ ಗಾಳಿಯ ಒತ್ತಡದಲ್ಲಿ ಗುಂಡು ಹಾರಿಸುವ ಏರ್‌ಗನ್ ಹಿಡಿದೆ. ನಳಿಗೆಯ ಒಳ ಅಗಲ (ಬೋರ್) ಪಾಯಿಂಟ್ 177 ಇಂಚು, ಗುಂಡಿನ ಶಕ್ತಿ 20 ಜೂಲ್ ಒಳಗಿದ್ದರೆ ಲೈಸೆನ್ಸ್ ಬೇಡ. ಒಂದು ತೋಟೆಯ ದುಡ್ಡಿಗೆ ಸಣ್ಣ ಡಬ್ಬಿ ಪೆಲೆಟ್, ಅಂದರೆ ಏರ್‌ಗನ್ನಿನ ಪುಟ್ಟ ಗುಂಡು, ಬರುತ್ತದೆ. ಇದನ್ನು ಮಕ್ಕಳ ಆಟ ಅನ್ನುವವರಿದ್ದಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು 10 ಮೀಟರ್ ಏರ್ ರೈಫಲ್‌ನಲ್ಲೇ ಅಲ್ವಾ? ಆ ಗುರಿಯ ನಡುವಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್.

ಲೆಕ್ಕ ಸುಲಭ. 30 ಮೀಟರ್ ದೂರದ ತೆಂಗಿನಕಾಯಿ ಕಣ್ಣಿಗೆ ಎಷ್ಟು ಕಾಣುತ್ತದೋ, 10 ಮೀಟರ್‌ನಲ್ಲಿ ನಿಂಬೆಹಣ್ಣು ಹೆಚ್ಚೂಕಡಿಮೆ ಅಷ್ಟೇ ಕಾಣುತ್ತದೆ. ಕಣದ ಮೂಲೆಯಲ್ಲಿ ನಿಂಬೆಹಣ್ಣು ಕಟ್ಟಿ, ಹಿಂದೆ ಹಳೇ ಪೇಪರ್ ಒತ್ತಿ ತುಂಬಿದ ದಪ್ಪ ರಟ್ಟಿನ ಪೆಟ್ಟಿಗೆ, ಅದರ ಹಿಂದೆ ಮಣ್ಣಿನ ಬರೆ. ಕಲ್ಲು, ತಗಡು ಮಾತ್ರ ಬೇಡ, ಪೆಲೆಟ್ ಪುಟಿದು ವಾಪಸ್ ಬರುತ್ತದೆ. ಸೀಸದ ಪೆಲೆಟ್ ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ಸೋಪು ಹಾಕಿ ತೊಳೆಯಿರಿ.

ಸ್ಪ್ರಿಂಗ್ ಏರ್‌ಗನ್ನಿಗೆ ಇನ್ನೊಂದು ಗುಣ ಇದೆ. ಟ್ರಿಗರ್ ಒತ್ತಿದ ಮೇಲೆ ಒಳಗೆ ಪಿಸ್ಟನ್ ಓಡಿ, ಆಮೇಲೆ ಪೆಲೆಟ್ ಹೊರಡಬೇಕು. ಅಷ್ಟರಲ್ಲಿ ನೀವು ತಲೆ ಎತ್ತಿದರೆ ಗುರಿ ಹೋಯಿತು. ಹೊಡೆದ ಮೇಲೂ ಅಲ್ಲಾಡದೆ ನಿಲ್ಲುವುದನ್ನು ಅದು ಬಡಿದು ಕಲಿಸುತ್ತದೆ. ಆದರೆ ಪೆಲೆಟ್ ಇಲ್ಲದೆ ಅದನ್ನು ಸುಮ್ನೆ ಹಾರಿಸಬೇಡಿ. ಗಾಳಿಯ ತಡೆ ಇಲ್ಲದೆ ಪಿಸ್ಟನ್ ಎದುರಿಗೆ ಬಡಿದು ಒಳಗಿನ ಸೀಲ್ ಹಾಳಾಗುತ್ತದೆ. ನಾನು ಒಂದು ಹಾಳು ಮಾಡಿಯೇ ಕಲಿತೆ.

ಚುನಾವಣೆ ಬಂದು ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾದರೂ ಈ ಏರ್‌ಗನ್ ಅಭ್ಯಾಸ ನಿಲ್ಲುವುದಿಲ್ಲ. ದಿನಾ ಸಂಜೆ ಇಪ್ಪತ್ತೇ ಪೆಲೆಟ್. ಜಾಸ್ತಿ ಹೊಡೆದರೆ ಕೈ ಸೋತು ಕೆಟ್ಟ ಅಭ್ಯಾಸ ಬರುತ್ತದೆ.

ಈ ಸಲ ನನ್ನ ಹತ್ತಿರ ಇರುವುದು ಮೂರೇ ತೋಟೆ, ಮೂರೂ ಹಬ್ಬದ ತೆಂಗಿನಕಾಯಿಗೆ. ಸದ್ಯಕ್ಕೆ ಜಗಳ ಇರುವುದು ಅಡುಗೆಮನೆಯಲ್ಲಿ. ಉಪ್ಪಿನಕಾಯಿಗೆ ಇಟ್ಟಿದ್ದ ನಿಂಬೆಹಣ್ಣಿನ ಬುಟ್ಟಿ ಅರ್ಧ ಖಾಲಿ ಅಂತ ಅವ್ವ ನಿನ್ನೆಯಿಂದ ಮಾತು ಬಿಟ್ಟಿದ್ದಾರೆ.