ಸ್ವದೇಶಿ ಕಾರು, ವಿದೇಶಿ ಕಾರು ಮತ್ತು ನಮ್ಮ ಬೈರಾಸು

ಎರಡು ಮಳೆಗಾಲ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಹಳೇ ಬೈರಾಸು (ಟವೆಲ್ಲು) ಕಾಯಂ ಆಗಿ ಇತ್ತು. ಸನ್‌ರೂಫ್, ಅಂದರೆ ಮಾಡಿನಲ್ಲಿ ತೆರೆಯುವ ಗಾಜಿನ ಕಿಟಕಿ ಇರುವ ಗಾಡಿ. ಜೂನ್ ಶುರುವಾದರೆ ಸಾಕು, ಒಳಗಿನ ಲೈಟಿನ ಸಂದಿಯಿಂದ ತೊಟ್ ತೊಟ್ ಅಂತ ನೀರು. "ಹನ್ನೆರಡು ಲಕ್ಷದ ಕಾರಲ್ಲಿ ಕೊಡೆ ಹಿಡಿದು ಕೂರೋದೊಂದು ಬಾಕಿ" ಅಂತ ನಮ್ಮನೆಯವಳು ಹಂಗಿಸುತ್ತಿದ್ದಳು.

ನಮ್ಮದು ಅಪ್ಪಟ ದೇಶಿ ಕಂಪನಿಯ ಗಾಡಿ. ಹೆಸರು ಬೇಡ. ಮೊನ್ನೆ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಈ ಕಥೆ ಹೇಳಿದ್ದೇ ತಪ್ಪಾಯಿತು. ಹೋಳಿಗೆ ಬರುವ ಹೊತ್ತಿಗೆ ಎರಡು ಪಾರ್ಟಿ ಆಗಿತ್ತು. "ಅದಕ್ಕೇ ಬಡ್ಕೊಂಡೆ, ಜಪಾನ್ ಗಾಡಿ ತಗೋ ಅಂತ" ಅಂದರು ಒಬ್ಬರು. "ಅದು ತಗಡಿನ ಡಬ್ಬ ಮಾರಾಯ್ರೆ, ಗುದ್ದಿದರೆ ಏನೂ ಉಳಿಯಲ್ಲ" ಅಂದರು ಇನ್ನೊಬ್ಬರು. ಒಬ್ಬರು ಮಾತಾಡುತ್ತಿದ್ದದ್ದು ಅಚ್ಚುಕಟ್ಟಿನ ಬಗ್ಗೆ, ಇನ್ನೊಬ್ಬರು ಗಟ್ಟಿತನದ ಬಗ್ಗೆ. ಎರಡನ್ನೂ ನಾವು ಕ್ವಾಲಿಟಿ ಅಂತಲೇ ಕರೆಯುತ್ತೇವೆ, ಅಲ್ವಾ?

ಗಟ್ಟಿತನದಲ್ಲಿ ನಮ್ಮವರನ್ನು ಮೆಚ್ಚಲೇಬೇಕು. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್, ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 5 ಸ್ಟಾರ್ ತೆಗೆಯಿತು. ಇಲ್ಲಿ ತಯಾರಾದ ಕಾರಿಗೆ ಅದೇ ಮೊದಲು. 2020ರಲ್ಲಿ ಮಹೀಂದ್ರ ಎಕ್ಸ್‌ಯುವಿ300 ಕೂಡ 5 ತೆಗೆದರೆ, ಅದೇ ವರ್ಷ ಜಪಾನಿನ ಸುಜುಕಿ ಒಡೆತನದ ಮಾರುತಿಯ ಎಸ್-ಪ್ರೆಸ್ಸೊಗೆ ಬಂದದ್ದು ಸೊನ್ನೆ. ಆಮೇಲೆ ಉಳಿದವರೂ ಎಚ್ಚೆತ್ತರು. ಫೋಕ್ಸ್‌ವ್ಯಾಗನ್ ಟೈಗುನ್, ಹ್ಯುಂಡೈ ವರ್ನಾ, 2024ರಲ್ಲಿ ಮಾರುತಿ ಡಿಸೈರ್, ಎಲ್ಲಕ್ಕೂ 5 ಬಂತು.

ಆದರೆ ಗುದ್ದಿಸಿ ನೋಡುವ ಪರೀಕ್ಷೆಯಲ್ಲಿ ಸನ್‌ರೂಫಿನ ನೀರು ಹೊರಹಾಕುವ ಪೈಪು ಸರಿಯಾಗಿ ಸಿಕ್ಕಿಸಿದ್ದಾರಾ ಅಂತ ಯಾರೂ ನೋಡಲ್ಲ. ಅದು ಅಚ್ಚುಕಟ್ಟಿನ ವಿಷಯ. 2000ದಲ್ಲಿ ಬಿಡದಿಯಿಂದ ಬಂದ ಟೊಯೋಟ ಕ್ವಾಲಿಸ್ ನೆನಪಿದೆಯಾ? ನೋಡೋಕೆ ಬ್ರೆಡ್ಡಿನ ಪೆಟ್ಟಿಗೆ. 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಆಮೇಲೂ ಹಳೇ ಕ್ವಾಲಿಸ್‌ಗಳು ವರ್ಷಗಟ್ಟಲೆ ನಮ್ಮ ಸಾಗರದಿಂದ ಜೋಗಕ್ಕೆ ಬಾಡಿಗೆ ಹೊಡೆದವು. ಹೆಚ್ಚುಕಡಿಮೆ ಅದೇ ಕಾಲದ್ದು ಟಾಟಾ ಇಂಡಿಕಾ, 1998ರ ಕೊನೆಯಲ್ಲಿ ಬಂದದ್ದು. ಪೂರ್ತಿ ನಮ್ಮದೇ ಕಾರು ಅಂತ ಹೆಮ್ಮೆ ಪಟ್ಟೆವು. ಆದರೆ ದೂರುಗಳು ಸಾಲುಗಟ್ಟಿದವು. 2001ರಲ್ಲಿ ತಿದ್ದಿ ವಿ2 ತಂದ ಮೇಲೆ ಊರೂರಲ್ಲಿ ಟ್ಯಾಕ್ಸಿ ಆಯಿತು. ಮೊದಲ ವರ್ಷದ ಗಾಡಿ ತಗೊಂಡವನು ಕಂಪನಿಗೆ ಬಿಟ್ಟಿ ಟೆಸ್ಟ್ ಡ್ರೈವರ್ ಅನ್ನುವ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ.

ಇನ್ನು ಸ್ವದೇಶಿ ಅಂದರೆ ಯಾವುದು ಅಂತ ಕೇಳಿದರೆ ಪಂಕ್ತಿಯ ಜಗಳಕ್ಕೆ ಅರ್ಥವೇ ಉಳಿಯಲ್ಲ. ಹ್ಯಾರಿಯರ್‌ನ 2 ಲೀಟರ್ ಡೀಸೆಲ್ ಎಂಜಿನ್ ಮೂಲದಲ್ಲಿ ಇಟಲಿಯ ಫಿಯಟ್‌ನದು. ಮಾರುತಿಯ ಗ್ರ್ಯಾಂಡ್ ವಿಟಾರಾ ಬರುವುದು ಬಿಡದಿಯ ಟೊಯೋಟ ಕಾರ್ಖಾನೆಯಿಂದ. ಮಾರುತಿಯ ಬಲೆನೊಗೆ ಟೊಯೋಟ ಲಾಂಛನ ಅಂಟಿಸಿ 2019ರಲ್ಲಿ ಗ್ಲಾನ್ಜಾ ಅಂತ ಮಾರಿದರು. ಆಗ ಬಲೆನೊಗೆ 2 ವರ್ಷ ಅಥವಾ 40,000 ಕಿ.ಮೀ. ವಾರಂಟಿ. ಗ್ಲಾನ್ಜಾಗೆ 3 ವರ್ಷ ಅಥವಾ 1 ಲಕ್ಷ ಕಿ.ಮೀ.! ಕಾರು ಅದೇ, ನಂಬಿಕೆ ಮಾತ್ರ ಒಂದು ವರ್ಷ ಜಾಸ್ತಿ. ಮಾರುತಿ ತನ್ನ ಕಾರುಗಳಿಗೂ ಅಷ್ಟೇ ಕೊಡಲು ಶುರು ಮಾಡಿದ್ದು 2024ರ ಜುಲೈನಲ್ಲಿ.

ವಾರಂಟಿಯ ಮಾತಿಗೆ ಬಂದರೆ ನಮ್ಮ ಬೈರಾಸಿನ ಕಥೆ ಪೂರ್ತಿ ಹೇಳಬೇಕು.

ಸರ್ವಿಸ್ ಸೆಂಟರ್ ಇರುವುದು ಶಿವಮೊಗ್ಗದಲ್ಲಿ, ನಮಗೆ 70 ಕಿ.ಮೀ. ಮೇಲೆ. ಮೊದಲ ಸಲ ಹೋದಾಗ ಐದು ನಿಮಿಷ ಪೈಪಿನಲ್ಲಿ ನೀರು ಹೊಡೆದು, ಸೋರಲಿಲ್ಲ ಅಂತ ಜಾಬ್ ಕಾರ್ಡಿನಲ್ಲಿ (ದೂರು, ಮಾಡಿದ ಕೆಲಸ ಬರೆಯುವ ಚೀಟಿ) "ದೂರು ಕಂಡುಬಂದಿಲ್ಲ" ಅಂತ ಬರೆದರು. ಸಾಗರದ ಮಳೆ ಐದು ನಿಮಿಷಕ್ಕೆ ನಿಲ್ಲುತ್ತಾ? ಎರಡನೇ ಸಲ "ಎಲೆ, ಕಸ ಕಟ್ಟಿಕೊಂಡಿದೆ, ವಾರಂಟಿಗೆ ಬರಲ್ಲ ಸಾರ್" ಅಂತ ಕ್ಲೀನಿಂಗಿಗೆ 1,800 ರೂಪಾಯಿ ಬಿಲ್ಲು. ವಾಪಸ್ ಬರುವಾಗ ಆನಂದಪುರ ದಾಟುವಷ್ಟರಲ್ಲಿ ಮತ್ತೆ ತೊಟ್ ತೊಟ್.

ಊರಿನ ಮೆಕ್ಯಾನಿಕ್ ಟಾರ್ಚ್ ಬಿಟ್ಟು ನೋಡಿ, "ಸನ್‌ರೂಫಿನ ಮೂಲೆಯಿಂದ ಕಂಬದೊಳಗೆ ಪೈಪು ಇಳಿದಿರುತ್ತೆ ಸಾರ್, ಅದು ಕಳಚಿರಬೇಕು. ನಾನು ಬಿಚ್ಚಿದರೆ ವಾರಂಟಿ ಹೋಯ್ತು ಅಂತಾರೆ. ಅವರ ಹತ್ರಾನೇ ಬಿಚ್ಚಿಸಿ" ಅಂದ. ಮೂರನೇ ಸಲ ನಾನು ಲೌಂಜಿನಲ್ಲಿ ಕೂರಲಿಲ್ಲ, ಗಾಡಿ ಪಕ್ಕದಲ್ಲೇ ನಿಂತೆ. ಹುಡುಗ ಎಡಗಡೆಯ ಕಂಬದ ಪ್ಲಾಸ್ಟಿಕ್ ಎಳೆದ. ಪೈಪು ಸುಮ್ನೆ ನೇತಾಡುತ್ತಿತ್ತು. ಕ್ಲಿಪ್ಪೇ ಇಲ್ಲ! ಹುಡುಗನಿಗೇ ನಗು ಬಂತು. ಕ್ಲಿಪ್ ಹಾಕೋಕೆ ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ.

ಅಷ್ಟರಲ್ಲಿ ಒಳಗಿನ ಮೇಲುಹೊದಿಕೆ ಕಲೆಯಾಗಿ ಉಬ್ಬಿತ್ತು. ಅದು ಬದಲಾಯಿಸೋಕೆ ಆಗಲ್ಲ ಅಂದರು. "ಆಗಲ್ಲ ಅಂತಲೇ ಜಾಬ್ ಕಾರ್ಡಿನಲ್ಲಿ ಕಾರಣ ಬರೆದು ಸೀಲ್ ಹಾಕಿ ಕೊಡಿ" ಅಂದೆ. ಅಡ್ವೈಸರ್ ಒಳಗೆ ಹೋದ, ಮ್ಯಾನೇಜರ್ ಹೊರಗೆ ಬಂದರು, ಫೋಟೋ ತೆಗೆದುಕೊಂಡರು. ನಾಲ್ಕು ದಿನಕ್ಕೆ ಫೋನು: "ಕಂಪನಿಯಿಂದ ಅಪ್ರೂವ್ ಆಗಿದೆ ಸಾರ್."

ಗುಟ್ಟು ಇಲ್ಲೇ ಇದೆ. ವಾರಂಟಿ ಕೊಡುವುದು ಕಂಪನಿ, "ಬರಲ್ಲ ಸಾರ್" ಅನ್ನುವುದು ಡೀಲರ್. ಅವನು ಕೆಲಸ ಮಾಡಿ, ಫೋಟೋ ಸಮೇತ ಕ್ಲೇಮ್ ಕಳಿಸಿ, ಆಮೇಲೆ ಕಂಪನಿಯಿಂದ ದುಡ್ಡು ಪಡೆಯಬೇಕು. ಕಂಪನಿ ತಿರಸ್ಕರಿಸಿದರೆ ನಷ್ಟ ಅವನ ತಲೆಗೆ. ಹಾಗಾಗಿ ಅವನಿಗೆ "ವೇರ್ ಅಂಡ್ ಟೇರ್" ಅನ್ನುವುದೇ ಸುಲಭ. ಬ್ರೇಕ್ ಪ್ಯಾಡು, ವೈಪರ್ ಬ್ಲೇಡು ಸವೆಯುವ ವಸ್ತು, ಒಪ್ಪೋಣ. ಕಾರ್ಖಾನೆಯಲ್ಲಿ ಹಾಕದೇ ಬಿಟ್ಟ ಕ್ಲಿಪ್ ಎಲ್ಲಿಂದ ಸವೆಯುತ್ತೆ? ನಾಳೆ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿದರೂ ಮೊದಲು ಕೇಳುವುದು ಆ ಜಾಬ್ ಕಾರ್ಡನ್ನೇ. ಹಾಗಾಗಿ ದೂರು ನಿಮ್ಮ ಮಾತಿನಲ್ಲೇ ಬರೆಸಿ.

ವಿದೇಶಿ ಕಂಪನಿ ಇದಕ್ಕಿಂತ ಮೇಲಾ? ಬೆಂಗಳೂರಲ್ಲಿರುವ ನಮ್ಮ ಭಾವನ ಆಟೋಮ್ಯಾಟಿಕ್ ಗಾಡಿ ವಿದೇಶಿ ಕಂಪನಿಯದ್ದೇ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ತೆವಳಿ ತೆವಳಿ, ವಾರಂಟಿ ಮುಗಿದ ಆರೇ ತಿಂಗಳಿಗೆ ಗೇರ್‌ಬಾಕ್ಸ್ ಮಲಗಿತು. ಅಂದಾಜು ಬಿಲ್ಲು ಎರಡು ಮುಕ್ಕಾಲು ಲಕ್ಷ. ಸರ್ವಿಸೆಲ್ಲ ಅಲ್ಲೇ ಮಾಡಿಸಿದ್ದಕ್ಕೆ ಗುಡ್‌ವಿಲ್ ಅಂತ ಅರ್ಧ ದುಡ್ಡು ಕಂಪನಿ ಹಾಕಿತು, ಅದೂ ತಿಂಗಳುಗಟ್ಟಲೆ ಈಮೇಲ್ ಬರೆದ ಮೇಲೆ. ಪಾರ್ಟ್ ಹೊರದೇಶದಿಂದ ಬರಬೇಕು ಅಂತ ಗಾಡಿ 23 ದಿನ ಅಲ್ಲೇ ಬಿದ್ದಿತ್ತು. ಲೌಂಜಿನ ಕಾಫಿ ಮಾತ್ರ ಸೂಪರ್ ಅಂತೆ.

ದೇಶಿ ಕಂಪನಿಗೆ ಒಂದು ಅಂಕ ಜಾಸ್ತಿ ಕೊಡುವುದಾದರೆ ಅದು ಬೇರೆ ಕಾರಣಕ್ಕೆ. ಶೆವ್ರೊಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಸರ್ವಿಸ್, ಪಾರ್ಟ್ಸ್ ಕೊಡುತ್ತೇವೆ ಅಂದರೂ ಹೊಸ ಕಾರು ಮಾರದ ಡೀಲರ್ ಎಷ್ಟು ದಿನ ಅಂಗಡಿ ತೆರೆದಿಟ್ಟಾನು? ಟಾಟಾ, ಮಹೀಂದ್ರ ಗಂಟುಮೂಟೆ ಕಟ್ಟಿ ಹೋಗೋದಾದರೂ ಎಲ್ಲಿಗೆ?

ಈಗ ಭಾವ ಹೊಸ ಕಾರು ಹುಡುಕುತ್ತಿದ್ದಾರೆ. ಯಾವುದು ತಗೊಳ್ಳಲಿ ಅಂತ ಕೇಳಿದರು. ಶೋರೂಮಿಗೆ ಹೋಗಬೇಡಿ ಭಾವ, ಸೋಮವಾರ ಬೆಳಿಗ್ಗೆ ಆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ಒಂದು ಗಂಟೆ ಸುಮ್ನೆ ಕೂತು ಬನ್ನಿ ಅಂದೆ. ನಿಜವಾಗಲೂ ಹೋಗಿದ್ದಾರೆ! ಮಧ್ಯಾಹ್ನ ಫೋನ್ ಮಾಡಿ, "ಇಬ್ಬರೇ ಜಗಳ ಆಡ್ತಿದ್ರು ಕಣೋ, ಪರವಾಗಿಲ್ಲ ಅನ್ಸುತ್ತೆ" ಅಂದರು. ಮುಂದಿನ ವಾರ ಬುಕ್ ಮಾಡುತ್ತಾರಂತೆ. ಸನ್‌ರೂಫ್ ಇಲ್ಲದ್ದು.